ಮಿಲ್ಟನ್ ಓದುವಾಗ ಎಲ್ಲಿ ನಿಲ್ಲಬೇಕು
ಐಚ್ಛಿಕ ಇಂಗ್ಲಿಷ್ ತಗೊಂಡವರಿಗೆ: ಮಿಲ್ಟನ್‌ನ ಮಹಾಕಾವ್ಯ ‘ಪ್ಯಾರಡೈಸ್ ಲಾಸ್ಟ್’ ಓದುವಾಗ ಸಾಲಿನ ಕೊನೆಗೆ ನಿಲ್ಲಬೇಡಿ. ಮೊದಲು ಪೂರ್ಣವಿರಾಮ ಎಲ್ಲಿದೆ ಅಂತ ಹುಡುಕಿ ಪೆನ್ಸಿಲ್‌ನಲ್ಲಿ ಗೀಟು ಹಾಕಿ, ಮುಖ್ಯ ಕ್ರಿಯಾಪದಕ್ಕೆ ಸುತ್ತು ಹಾಕಿ, ಆಮೇಲೆ ಇಡೀ ವಾಕ್ಯವನ್ನು ಗಟ್ಟಿಯಾಗಿ ಓದಿ. ಮೊದಲ ವಾಕ್ಯವೇ 16 ಸಾಲು. ಅದರ ಕ್ರಿಯಾಪದ ‘ಸಿಂಗ್’ ಬರುವುದು 6ನೇ ಸಾಲಿನಲ್ಲಿ. ಪ್ರಾಸವಿಲ್ಲದ ನಮ್ಮ ಸರಳ ರಗಳೆಯ ಹಾಗೇ ಇಲ್ಲೂ ಅರ್ಥ ಸಾಲು ದಾಟಿ ಹರಿಯುತ್ತದೆ. ಕ್ರಿಯಾಪದಕ್ಕಾಗಿ ಕಾಯುವುದು ಕನ್ನಡದವರಿಗೆ ಹೊಸದಲ್ಲ, ಆ ಅಭ್ಯಾಸವನ್ನು ಧೈರ್ಯವಾಗಿ ಬಳಸಿ. ನಿಘಂಟು ಎರಡನೇ ಓದಿಗೆ ಇರಲಿ. ಕವಿ ಅಲೆಕ್ಸಾಂಡರ್ ಪೋಪ್‌ನ ದ್ವಿಪದಿಗಳಿಗೆ (ಪ್ರಾಸವಿರುವ ಜೋಡಿ ಸಾಲುಗಳಿಗೆ) ಈ ಉಪಾಯ ಬೇಕಾಗುವುದಿಲ್ಲ, ಅಲ್ಲಿ ಅರ್ಥ ಬಹುಪಾಲು ಪ್ರಾಸದ ಜೊತೆಗೇ ಮುಗಿಯುತ್ತದೆ. ಕವಿ ಎಮಿಲಿ ಡಿಕಿನ್ಸನ್‌ಳ ಪದ್ಯಗಳಿಗಂತೂ ಇದು ಕೆಲಸವೇ ಮಾಡದು: ಪೂರ್ಣವಿರಾಮ ಇರಬೇಕಾದ ಕಡೆ ಹೆಚ್ಚಾಗಿ ಡ್ಯಾಶ್ ಇರುತ್ತದೆ.