ಮಲಿದಾ ಮಾಡುವುದು ಹೇಗೆ? ಕೊಂಕಣದ ಯಹೂದಿಗಳ ಹರಕೆ ತಟ್ಟೆ

ಮಲಿದಾಗೆ ಒಲೆ ಹಚ್ಚುವ ಕೆಲಸವೇ ಇಲ್ಲ. ಅವಲಕ್ಕಿ, ತೆಂಗಿನಕಾಯಿ, ಸಕ್ಕರೆ ಅಥವಾ ಬೆಲ್ಲ, ಏಲಕ್ಕಿ, ಒಂದಿಷ್ಟು ಒಣಹಣ್ಣು, ಐದಾರು ಬಗೆಯ ತಾಜಾ ಹಣ್ಣು ಇದ್ದರೆ ಸಾಕು. ಮುಂಬೈ, ಠಾಣೆ, ಅಲಿಬಾಗ್ ಕಡೆಯ ಬೆನೆ ಇಸ್ರೇಲ್ ಯಹೂದಿಗಳು ಇದನ್ನು ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಮಾಡುತ್ತಾರೆ. ಮದುವೆಗೆ ಮುಂಚೆ, ಹೊಸ ಮನೆಗೆ ಹೋದಾಗ, ಮಗು ಹುಟ್ಟಿದಾಗ, ಕಾಯಿಲೆ ವಾಸಿಯಾದಾಗ, ಅಂದುಕೊಂಡ ಕೆಲಸ ಕೈಗೂಡಿದಾಗ. ಒಟ್ಟಿನಲ್ಲಿ ಹರಕೆ ತೀರಿಸುವ ತಟ್ಟೆ ಇದು. ಇವರಲ್ಲಿ ಬಹಳಷ್ಟು ಜನ 1948ರ ನಂತರ ಇಸ್ರೇಲಿಗೆ ಹೋಗಿ ನೆಲೆಸಿದರು, ಮಲಿದಾ ಅಲ್ಲಿಗೂ ಹೋಯಿತು. ಬೇರೆ ದೇಶಗಳಿಂದ ಬಂದ ಯಹೂದಿಗಳಲ್ಲಿ ಈ ಪದ್ಧತಿ ಇಲ್ಲ.

ಹತ್ತು ಜನಕ್ಕೆ ಅರ್ಧ ಕೆಜಿ ದಪ್ಪ ಅವಲಕ್ಕಿ ತೆಗೆದುಕೊಳ್ಳಿ. ಎರಡು ಸಲ ತೊಳೆದು ಜರಡಿಗೆ ಸುರಿದು ಹದಿನೈದು ನಿಮಿಷ ಹಾಗೇ ಬಿಡಿ. ನೀರಿನಲ್ಲಿ ನೆನೆಹಾಕಲು ಹೋಗಬೇಡಿ, ತೊಳೆದ ತೇವದಲ್ಲೇ ಅದು ಮೆತ್ತಗಾಗುತ್ತದೆ. ಪೇಪರ್ ಅವಲಕ್ಕಿ ಮಾತ್ರ ಬೇಡ, ತೆಂಗಿನತುರಿ ಸೇರಿದ ಕೂಡಲೇ ಮುದ್ದೆಯಾಗುತ್ತದೆ.

ಇನ್ನೊಂದು ಪಾತ್ರೆಯಲ್ಲಿ ಒಂದು ದೊಡ್ಡ ತೆಂಗಿನಕಾಯಿಯ ತುರಿ, ಸುಮಾರು ಕಾಲು ಕೆಜಿ ಸಕ್ಕರೆ ಅಥವಾ ತುರಿದ ಬೆಲ್ಲ ಹಾಕಿ ಕೈಯಲ್ಲಿ ಚೆನ್ನಾಗಿ ಕಲಸಿ. ಅನೇಕ ಮನೆಗಳಲ್ಲಿ ಸಕ್ಕರೆಯನ್ನೇ ಹಾಕುತ್ತಾರೆ, ನನಗೆ ಮಾತ್ರ ಬೆಲ್ಲವೇ ಸರಿ ಅನಿಸುತ್ತದೆ. ತುರಿ ನೀರು ಬಿಟ್ಟುಕೊಂಡ ಮೇಲೆ ಒಂದು ಚಮಚ ಏಲಕ್ಕಿ ಪುಡಿ, ಚಿಟಿಕೆ ಜಾಯಿಕಾಯಿ, ಸೀಳಿದ ಬಾದಾಮಿ, ಪಿಸ್ತಾ, ಒಣದ್ರಾಕ್ಷಿ ಸೇರಿಸಿ, ಕೊನೆಗೆ ಅವಲಕ್ಕಿ ಹಾಕಿ ಹಗುರವಾಗಿ ಬೆರೆಸಿ.

ಇಷ್ಟು ಓದಿ, ಅಯ್ಯೋ ಇದು ನಮ್ಮ ಸಿಹಿ ಅವಲಕ್ಕಿ ಅಲ್ವಾ ಅಂದರೆ, ಹೌದು, ಹತ್ತಿರ ಹತ್ತಿರ ಅದೇ. ಆದರೆ ರುಚಿಗೆ ಅಂತ ಒಂದು ಚಮಚ ತುಪ್ಪ ಹಾಕುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಯಹೂದಿ ನಿಯಮದ ಪ್ರಕಾರ ಮಾಂಸ ಮತ್ತು ಹಾಲಿನ ಪದಾರ್ಥ ಒಂದೇ ಊಟದಲ್ಲಿ ಬರುವ ಹಾಗಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಕೋಳಿಯೋ ಕುರಿಯೋ ಬಡಿಸುವ ಮನೆಯಲ್ಲಿ ಮಲಿದಾದಲ್ಲಿ ತುಪ್ಪ, ಹಾಲು ಇದ್ದರೆ ಊಟವೇ ಕೆಡುತ್ತದೆ. ಇವರ ಮಾಂಸದ ಸಾರಿಗೆ ಮೊಸರಿನ ಬದಲು ತೆಂಗಿನ ಹಾಲು ಬೀಳುವುದೂ ಇದಕ್ಕೇ. ಕರಾವಳಿಯವರಾದ ಕಾರಣ ತೆಂಗಿಗೇನೂ ಬರವಿರಲಿಲ್ಲ ಬಿಡಿ. ಒಣದ್ರಾಕ್ಷಿ, ಖರ್ಜೂರದಲ್ಲಿ ಹುಳ ಇದೆಯೇ ಅಂತಲೂ ಬಿಡಿಸಿ ನೋಡಿ. ಹುಳ ತಿನ್ನುವುದು ಅವರಲ್ಲಿ ಕಟ್ಟುನಿಟ್ಟಾಗಿ ನಿಷಿದ್ಧ.

ಈಗ ತಟ್ಟೆ. ದೊಡ್ಡ ತಟ್ಟೆಯ ನಡುವೆ ಮಲಿದಾವನ್ನು ಗುಡ್ಡೆ ಮಾಡಿ, ಸುತ್ತ ಹಣ್ಣು ಜೋಡಿಸಿ, ಗುಲಾಬಿ ಇಡಿ. ಹಣ್ಣು ಆರಿಸುವಾಗ ಸ್ವಲ್ಪ ಯೋಚನೆ ಬೇಕು, ಯಾಕೆಂದರೆ ಹೀಬ್ರೂವಿನಲ್ಲಿ ಮರದ ಹಣ್ಣಿಗೆ ಒಂದು ಮಂತ್ರ, ನೆಲದ ಬೆಳೆಗೆ ಇನ್ನೊಂದು, ಸುವಾಸನೆಗೆ ಮತ್ತೊಂದು. ಖರ್ಜೂರ, ಸೇಬು, ದಾಳಿಂಬೆ, ಕಿತ್ತಳೆ ಮರದ ಲೆಕ್ಕ. ಬಾಳೆಹಣ್ಣು ನೆಲದ ಲೆಕ್ಕ! ಗೊನೆ ಕೊಟ್ಟ ಮೇಲೆ ಬಾಳೆ ಗಿಡ ಸಾಯುತ್ತದೆ, ಮರದ ಹಾಗೆ ವರ್ಷ ವರ್ಷ ಅದೇ ಕಾಂಡದಲ್ಲಿ ಹಣ್ಣು ಬಿಡುವುದಿಲ್ಲ. ಬಾಳೆ ತೋಟ ನೋಡಿದ ಯಾರಿಗಾದರೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಲಾಬಿ ಇರುವುದು ಸುಮ್ನೆ ಚೆಂದಕ್ಕಲ್ಲ, ಅದನ್ನು ಮೂಸಿ ಸುವಾಸನೆಯ ಮಂತ್ರ ಹೇಳಲಿಕ್ಕೆ. ಎಲಿಯಾಹುವಿನ ಹಾಡು, ಪ್ರಾರ್ಥನೆ ಆದ ಮೇಲೆ ಎಲ್ಲರಿಗೂ ಹಂಚುತ್ತಾರೆ. ಅಲ್ಲಿಯವರೆಗೆ ಯಾರೂ ಬಾಯಿಗೆ ಹಾಕಿಕೊಳ್ಳುವುದಿಲ್ಲ, ಮಕ್ಕಳನ್ನು ಹಿಡಿದು ಕೂರಿಸುವುದೇ ದೊಡ್ಡ ಕೆಲಸ.

ವರ್ಷಕ್ಕೊಮ್ಮೆ, ಜನವರಿ-ಫೆಬ್ರವರಿಯಲ್ಲಿ ಬರುವ ತು ಬಿಶ್ವಾತ್ ಅನ್ನುವ ಗಿಡಮರಗಳ ಹಬ್ಬಕ್ಕೆ ಮಲಿದಾ ಖಂಡಿತ ಇರುತ್ತದೆ. ಅಲಿಬಾಗ್ ಹತ್ತಿರದ ಖಂಡಾಲಾ ಹಳ್ಳಿಯ ಬಂಡೆಯೊಂದರ ಮೇಲಿರುವ ಗುರುತು ಎಲಿಯಾಹುವಿನ ರಥದ್ದು ಅಂತ ಇವರ ನಂಬಿಕೆ. ಹರಕೆ ಹೊತ್ತವರು ಅಲ್ಲಿಗೂ ಹೋಗಿ ಬರುತ್ತಾರೆ.

ಹರಕೆ ಅಂದಾಗ ನಮ್ಮ ಕಡೆಯ ಒಂದು ವಿಷಯ. ಬೆನೆ ಇಸ್ರೇಲ್ ಸಮುದಾಯದ ಸ್ಯಾಮ್ಯುಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದವರು, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕರು. ಬದುಕಿ ವಾಪಸಾದರೆ ಪ್ರಾರ್ಥನಾ ಮಂದಿರ ಕಟ್ಟಿಸುತ್ತೇನೆ ಅಂದುಕೊಂಡಿದ್ದರಂತೆ. ಬಿಡುಗಡೆಯಾಗಿ ಹೋಗಿ 1796ರಲ್ಲಿ ಕಟ್ಟಿಸಿಯೂ ಬಿಟ್ಟರು. ಮುಂಬೈನ ಮೊದಲ ಸಿನಗಾಗ್ ಅದೇ.

ಮಲಿದಾ ಕೈಗೆ ಹತ್ತಿದರೆ ಮುಂದಿನದಕ್ಕೂ ಹೋಗಬಹುದು. ಹೋಳಿಯ ಆಸುಪಾಸಿನಲ್ಲಿ ಬರುವ ಪೂರಿಮ್ ಹಬ್ಬಕ್ಕೆ ಇವರ ಮನೆಯಲ್ಲಿ ಹೋಳಿಗೆ, ಅದನ್ನು ನಿಮಗೆ ಹೇಳಿಕೊಡಬೇಕಿಲ್ಲ. ಹೊಸ ವರ್ಷ ರೋಶ್ ಹಶಾನಾಗೆ ಗೋಧಿ ಹಾಲು, ತೆಂಗಿನ ಹಾಲು, ಸಕ್ಕರೆ ಸೇರಿಸಿ ಗಂಟೆಗಟ್ಟಲೆ ತಿರುವುವ ಹಲ್ವಾ. ಒಬ್ಬರೇ ಇದ್ದರೆ ಇದಕ್ಕೆ ಕೈ ಹಾಕಬೇಡಿ, ತೋಳು ಬಿದ್ದುಹೋಗುತ್ತದೆ. ಶುಕ್ರವಾರ ರಾತ್ರಿಯ ಪ್ರಾರ್ಥನೆಗೆ ವೈನ್ ಇಲ್ಲದಿದ್ದರೆ ಕಪ್ಪು ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿದ ಶರಬತ್ತು ನಡೆಯುತ್ತದೆ. ಇದು ಸುಲಭ, ಬೇಸಿಗೆಗೂ ಒಳ್ಳೆಯದು.

ಮಲಿದಾ ಉಳಿದರೆ ಅವತ್ತೇ ಅಕ್ಕಪಕ್ಕದ ಮನೆಗೆ ಕೊಟ್ಟುಬಿಡಿ. ಹಸಿ ಕಾಯಿತುರಿ ಹೊರಗಿಟ್ಟರೆ ಸಂಜೆಗೆ ಹಳಸುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಅವಲಕ್ಕಿ ಗಟ್ಟಿಯಾಗುತ್ತದೆ.