ಆಸರಿಗೆ ಎಂತ ಆಗಬೇಕು? ಸಮಾರಂಭದ ಮೊದಲ ಗ್ಲಾಸು, ಮೊದಲ ತಟ್ಟೆ

ಕಳೆದ ಏಪ್ರಿಲಿನಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಗೃಹಪ್ರವೇಶಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಸುಡು ಬಿಸಿಲು. ಚಪ್ಪರದ ಬಾಗಿಲಲ್ಲೇ ಆಸರಿಗೆ, ಅಂದರೆ ಬಾಯಾರಿಕೆಗೆ, ತಟ್ಟೆ ತುಂಬ ಶರಬತ್ತು. ಅಮ್ಮನಿಗೆ ಶುಗರ್ ಇದೆ. "ಸಕ್ಕರೆ ಹಾಕದ್ದು ಏನಾದರೂ ಉಂಟಾ?" ಎಂದು ಮೆಲ್ಲಗೆ ಕೇಳಿದರು. "ಇವತ್ತೊಂದು ದಿನ ಅಲ್ವಾ ಅಕ್ಕ, ಕುಡಿಯಿರಿ, ಏನೂ ಆಗುವುದಿಲ್ಲ" ಅಂದರು ಮನೆಯವರು. ಪ್ರೀತಿಯಿಂದಲೇ ಅಂದದ್ದು. ಅಮ್ಮ ಎರಡು ಗುಟುಕು ಕುಡಿದು ಗ್ಲಾಸನ್ನು ಕುರ್ಚಿಯ ಕೆಳಗಿಟ್ಟರು. ಊಟದ ಪಂಕ್ತಿಗೆ ಕೂತಾಗ ಗಂಟೆ ಒಂದೂವರೆ. ಅಲ್ಲಿಯ ತನಕ ಅವರ ಹೊಟ್ಟೆಗೆ ಹೋದದ್ದು ಆ ಎರಡು ಗುಟುಕು, ಒಂದು ಗೋಳಿಬಜೆ.

ಆ "ಇವತ್ತೊಂದು ದಿನ" ನನ್ನನ್ನು ಬಿಡಲಿಲ್ಲ. ಮಾರ್ಚಿನಿಂದ ಮೇ ತನಕ ನಮ್ಮ ಕಡೆ ಎಷ್ಟು ಕಾರ್ಯಕ್ರಮ! ಮದುವೆ, ಉಪನಯನ, ಕೋಲ, ಜಾತ್ರೆ, ನಡುವೆ ಮಕ್ಕಳ ಹುಟ್ಟುಹಬ್ಬ. ಒಂದೇ ವಾರದಲ್ಲಿ ಮೂರು ಸಲ "ಇವತ್ತೊಂದು ದಿನ" ಬಂದರೆ ಅದು ಒಂದು ದಿನ ಅಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಎರಡು ಸಣ್ಣ ಕಾರ್ಯಕ್ರಮಗಳಾದವು. ಮೂವತ್ತು ಮೂವತ್ತೈದು ಜನ. ಮಾಡಿ ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಊಟದ ಪಟ್ಟಿ ಬದಲಿಸುವ ಮಾತಲ್ಲ ಇದು. ಹೋಳಿಗೆ, ಪಾಯಸ ಇರಲಿ. ಬದಲಾಗಬೇಕಾದದ್ದು ಹಸಿದು, ಬಾಯಾರಿ ಬಂದವರ ಕೈಗೆ ಮೊದಲು ಸಿಗುವ ಗ್ಲಾಸು ಮತ್ತು ತಟ್ಟೆ. ಹಸಿವಿನಲ್ಲಿ ಯಾರೂ ಆರಿಸಿ ತಿನ್ನುವುದಿಲ್ಲ, ಕೈಗೆ ಬಂದದ್ದನ್ನು ತಿನ್ನುತ್ತಾರೆ.

ಮೊದಲು ಸಕ್ಕರೆಯ ಲೆಕ್ಕ

ಮೂವತ್ತು ಜನರಿಗೆ 200 ಮಿಲಿಯ ಗ್ಲಾಸಿನಲ್ಲಿ ಕೊಟ್ಟರೆ ಆರು ಲೀಟರ್ ಶರಬತ್ತು ಬೇಕು. ಅದಕ್ಕೆ ಸಾಮಾನ್ಯವಾಗಿ ಒಂದು ಕಿಲೋ ಸಕ್ಕರೆ ಸುರಿಯುತ್ತೇವೆ. ಅಂದರೆ ಗ್ಲಾಸಿಗೆ ಸುಮಾರು 33 ಗ್ರಾಂ, ಆರೇಳು ಚಮಚ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸೇರಿಸಿದ ಸಕ್ಕರೆ ಒಟ್ಟು 50 ಗ್ರಾಂ ದಾಟಬಾರದು, 25 ಗ್ರಾಮಿನ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಒಂದೇ ಗ್ಲಾಸಿನಲ್ಲಿ ಆ 25 ದಾಟಿಯೇ ಹೋಯಿತು! ಬಾಟಲಿ ಕೋಲಾ ಕೂಡ ಬೇರೆಯಲ್ಲ. ಅದರಲ್ಲಿ 100 ಮಿಲಿಗೆ 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 250 ಮಿಲಿ ಕುಡಿದರೆ 26 ಗ್ರಾಂ ಹತ್ತಿರ.

"ನಾವು ಬೆಲ್ಲ ಹಾಕುತ್ತೇವೆ" ಎನ್ನುವವರು ಇದ್ದಾರೆ. ಬೆಲ್ಲದ ರುಚಿ ನನಗೂ ಇಷ್ಟ. ಆದರೆ ಶುಗರ್ ಇರುವವರ ರಕ್ತಕ್ಕೆ ಬೆಲ್ಲ, ಜೇನು, ಸಕ್ಕರೆ ಹೆಚ್ಚು ಕಡಿಮೆ ಒಂದೇ. ಹೆಸರು ಬದಲಿಸಿದರೆ ಸಾಲದು, ಅಳತೆ ಕಡಿಮೆಯಾಗಬೇಕು.

ಪುನರ್ಪುಳಿಯನ್ನು ಎರಡು ಪಾತ್ರೆಯಲ್ಲಿ ಮಾಡಿ

ಸುಮಾರು 150 ಗ್ರಾಂ ಒಣ ಪುನರ್ಪುಳಿ (ಮುರುಗಲು, ಕೋಕಂ) ಸಿಪ್ಪೆಯನ್ನು ತೊಳೆದು, ಕುದಿಸಿ ಇಳಿಸಿದ ಎರಡು ಲೀಟರ್ ಬಿಸಿ ನೀರಿನಲ್ಲಿ ಮೂರು ನಾಲ್ಕು ಗಂಟೆ ಬಿಡಿ. ಕೈಯಿಂದ ಚೆನ್ನಾಗಿ ಹಿಂಡಿ ಸೋಸಿ. ಕುದಿಸಿ ಆರಿಸಿದ ನೀರು ಸೇರಿಸಿ ಆರು ಲೀಟರ್ ಮಾಡಿ. ಹುಳಿ ಸಿಪ್ಪೆಯಿಂದ ಸಿಪ್ಪೆಗೆ ಬೇರೆ ಇರುತ್ತದೆ. ಹಾಗಾಗಿ ರುಚಿ ನೋಡಿಕೊಂಡು ನೀರು ಹಾಕಿ.

ಇದರಲ್ಲಿ ನಾಲ್ಕು ಲೀಟರಿಗೆ 250 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ಜಜ್ಜಿದ ಏಲಕ್ಕಿ ಹಾಕಿ. ಗ್ಲಾಸಿಗೆ 12 ಗ್ರಾಂ ಚಿಲ್ಲರೆ ಬರುತ್ತದೆ. ನಮ್ಮ ಮನೆಯಲ್ಲಿ ಯಾರೂ "ಸಪ್ಪೆ" ಅನ್ನಲಿಲ್ಲ. ಏಲಕ್ಕಿಯ ಪರಿಮಳ ಇದ್ದರೆ ಸಕ್ಕರೆ ಕಮ್ಮಿಯಾದದ್ದು ನಾಲಗೆಗೆ ಅಷ್ಟು ಗೊತ್ತಾಗುವುದಿಲ್ಲ.

ಉಳಿದ ಎರಡು ಲೀಟರಿಗೆ ಸಕ್ಕರೆ ಬೇಡವೇ ಬೇಡ. ಹುರಿದ ಜೀರಿಗೆ ಪುಡಿ, ಸ್ವಲ್ಪ ಉಪ್ಪು, ಒಂದು ಜಜ್ಜಿದ ಗಾಂಧಾರಿ ಮೆಣಸು. ಬಣ್ಣ ಎರಡರದ್ದೂ ಒಂದೇ ಕೆಂಪು. ನನಗೆ ಇಡೀ ಕೆಲಸದಲ್ಲಿ ಅತಿ ಮುಖ್ಯ ಅನಿಸಿದ್ದು ಇದೇ. ಸಕ್ಕರೆ ಇಲ್ಲದ್ದನ್ನು ಒಳಗೆ ಅಡುಗೆಮನೆಯಲ್ಲಿ ಅಡಗಿಸಿಡಬೇಡಿ, ಕೇಳಿದವರಿಗೆ ಮಾತ್ರ ತರಬೇಡಿ. ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಡಿ, ಮುಂದೆ "ಸಿಹಿ", "ಉಪ್ಪು-ಜೀರಿಗೆ" ಎಂದು ಎರಡು ಚೀಟಿ ಅಂಟಿಸಿ. "ಶುಗರ್ ಇದ್ದವರಿಗೆ" ಎಂದು ಬರೆಯುವುದು ಬೇಡ. ನಾಲ್ಕು ಜನರ ನಡುವೆ ಕಾಯಿಲೆಯ ಹೆಸರಿರುವ ಗ್ಲಾಸು ಎತ್ತಲು ಯಾರಿಗೆ ಮನಸ್ಸಾಗುತ್ತದೆ? ನಮ್ಮಲ್ಲಿ ಉಪ್ಪು-ಜೀರಿಗೆಯದ್ದೇ ಮೊದಲು ಖಾಲಿಯಾಯಿತು. ಕುಡಿದವರಲ್ಲಿ ಅರ್ಧಕ್ಕರ್ಧ ಕಾಲೇಜು ಮಕ್ಕಳು.

ಮಜ್ಜಿಗೆ ನೀರು, ಬೊಂಡ (ಎಳನೀರು) ಮತ್ತು ಬಿಸಿ ನೀರು

ಪುನರ್ಪುಳಿ ಸಿಗದಿದ್ದರೆ ಮಜ್ಜಿಗೆ ನೀರು. ಎರಡು ಲೀಟರ್ ಮೊಸರನ್ನು ಕಡೆದು ನಾಲ್ಕು ಲೀಟರ್ ನೀರು ಸೇರಿಸಿ. ಶುಂಠಿ, ಗಾಂಧಾರಿ, ಕರಿಬೇವು, ಎರಡು ಲಿಂಬೆ ಎಲೆ ಜಜ್ಜಿ ಹಾಕಿ. ನಮ್ಮ ಮಲಯಾಳಿ ನೆರೆಯವರು ಸಂಭಾರಂ ಅನ್ನುವುದು ಇದನ್ನೇ. ಉಪ್ಪು ಒಟ್ಟು ಮೂರು ಸಣ್ಣ ಚಮಚ ಸಾಕು. ಗ್ಲಾಸಿಗೆ ಅರ್ಧ ಗ್ರಾಂ ಆಯಿತು. ದಿನವಿಡೀ ನಾವು ತಿನ್ನುವ ಉಪ್ಪು 5 ಗ್ರಾಮಿನ ಒಳಗಿರಬೇಕು. ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಾಂಬಾರು ಇನ್ನೂ ಬರಲಿಕ್ಕಿದೆ ಎನ್ನುವುದು ನೆನಪಿರಲಿ.

ತೋಟ ಇರುವವರಿಗೆ ಬೊಂಡಕ್ಕಿಂತ ಸುಲಭದ್ದು ಇನ್ನೇನಿದೆ? ಕೆತ್ತಿ ಕೊಟ್ಟರೆ ಮುಗಿಯಿತು. ಒಂದು ಎಚ್ಚರ ಮಾತ್ರ ಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರ ಕಲ್ಪರಸವನ್ನು ಈಗ ಕೆಲವರು ಕೊಡುತ್ತಾರೆ. ತೆಂಗಿನ ಹೊಂಬಾಳೆಯಿಂದ ಇಳಿಸಿದ, ಹುಳಿ ಬಾರದ ರಸ (ನೀರಾ) ಅದು, ರುಚಿ ಬಹಳ ಚೆನ್ನ. ಆದರೆ ಅದರಿಂದಲೇ ಸಕ್ಕರೆ ಕೂಡ ಮಾಡುತ್ತಾರೆ ಅಲ್ವಾ? ಹಾಗಾಗಿ ಸಣ್ಣ ಗ್ಲಾಸು.

ಇವೆಲ್ಲದರ ಜೊತೆ ಒಂದು ದೊಡ್ಡ ಪಾತ್ರೆಯಲ್ಲಿ ಜೀರಿಗೆಯೋ ಪತಿಮುಗಮೋ (ನೀರಿಗೆ ಕೆಂಪು ಬಣ್ಣ ಕೊಡುವ ಮರದ ಚಕ್ಕೆ) ಹಾಕಿ ಕುದಿಸಿದ ನೀರು ಇರಲೇಬೇಕು.

ಐಸಿನ ವಿಷಯ

ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಹೊರಗಿನಿಂದ ತಂದ ಐಸ್ ಗಡ್ಡೆಯನ್ನು ಶರಬತ್ತಿಗೆ ಹಾಕಬೇಡಿ. ಯಾವ ನೀರಿನಿಂದ ಮಾಡಿದ್ದು ಎಂದು ನಮಗೆ ಗೊತ್ತಿರುವುದಿಲ್ಲ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ತಣ್ಣಗಾದರೆ ಸಾಯುವುದಿಲ್ಲ, ಕುದಿಸಿದರೆ ಸಾಯುತ್ತದೆ. ಅದು ದೇಹ ಸೇರಿ 15ರಿಂದ 50 ದಿನಗಳ ನಂತರ ಕಾಯಿಲೆ ಕಾಣಿಸುತ್ತದೆ. ಅಷ್ಟರಲ್ಲಿ ಯಾವ ಮದುವೆ, ಯಾವ ಗ್ಲಾಸು ಎಂದು ಯಾರಿಗೆ ನೆನಪಿರುತ್ತದೆ? ಬೇಸಿಗೆಯಲ್ಲಿ ಬಾವಿ ತಳ ಕಾಣುವ ಹೊತ್ತಿಗೇ ನಮ್ಮ ಕಾರ್ಯಕ್ರಮಗಳೂ ಜಾಸ್ತಿ. ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಕುದಿಸಿ. ಎರಡು ದಿನ ಮುಂಚೆ ಕುದಿಸಿ ಆರಿಸಿದ ನೀರನ್ನು ಮನೆಯ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಸಾಲದಿದ್ದರೆ ಶರಬತ್ತಿನ ಪಾತ್ರೆಯನ್ನೇ ಐಸಿನ ಬಕೆಟಿನೊಳಗೆ ಇಡಿ. ಆಗ ಐಸ್ ಕುಡಿಯುವ ನೀರನ್ನು ಮುಟ್ಟುವುದಿಲ್ಲ.

ತಟ್ಟೆಗೆ ಮೊದಲು ಕಡಲೆ

ಒಂದು ಕಿಲೋ ಕಪ್ಪು ಕಡಲೆ ಸಾಕು. ಹಿಂದಿನ ರಾತ್ರಿ ನೆನೆಹಾಕಿ, ಬೆಳಿಗ್ಗೆ ಮೂರು ಸಣ್ಣ ಚಮಚ ಉಪ್ಪಿನೊಂದಿಗೆ ಬೇಯಿಸಿದರೆ ಎರಡು ಕಿಲೋಗೂ ಹೆಚ್ಚಾಗುತ್ತದೆ. ಮೂವತ್ತು ಜನರಿಗೆ ಒಂದೊಂದು ಸಣ್ಣ ಬಟ್ಟಲು. ನಾಲ್ಕು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟು ಒಂದು ತೆಂಗಿನಕಾಯಿ ತುರಿ ಬೆರೆಸಿ. ಅವಲಕ್ಕಿ ಕಲಸಿಟ್ಟು ಜೊತೆಗೆ ಕೊಟ್ಟರೆ ಎಲ್ಲರಿಗೂ ಗೊತ್ತಿರುವ ಕಡ್ಲೆ ಬಜಿಲ್. ಕಡಲೆಯ ಪಾಲು ಎರಡು, ಅವಲಕ್ಕಿಯ ಪಾಲು ಒಂದು ಇರಲಿ.

ಕಡಲೆಯಲ್ಲಿ ಪ್ರೋಟೀನು, ನಾರು ಎರಡೂ ಇವೆ. ಹೊಟ್ಟೆ ತುಂಬಿದ ಹಾಗಿರುತ್ತದೆ, ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಇನ್ನೂ ಒಂದು ಕಾರಣ ಇದೆ. ಇನ್ಸುಲಿನ್ ಅಥವಾ ಕೆಲವು ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಮಧ್ಯಾಹ್ನ ಒಂದೂವರೆಯ ತನಕ ಖಾಲಿ ಹೊಟ್ಟೆಯಲ್ಲಿ ಕೂತರೆ ಸಕ್ಕರೆ ಕುಸಿಯಬಹುದು. ಅಂಥವರಿಗೆ ಹತ್ತೂವರೆಗೆ ಒಂದು ಬಟ್ಟಲು ಕಡಲೆ ಸಿಕ್ಕರೆ ದೊಡ್ಡ ಉಪಕಾರ. ಯಾರಾದರೂ ಸುಮ್ನೆ ಬೆವರಿ, ಕೈ ನಡುಗಿ, ಮಂಕಾದರೆ ಆಗ ಮಾತ್ರ ಸಕ್ಕರೆಯೇ ಮದ್ದು. ಪ್ರಜ್ಞೆ ಇದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ತಕ್ಷಣ ಕುಡಿಸಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ, ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬಾರದು.

ಕಡಲೆಯ ಜೊತೆಗೆ ಬೇಕಾದರೆ ಹೆಸರುಬೇಳೆ ಕೋಸಂಬರಿ. ನೇಂದ್ರ ಹಣ್ಣನ್ನು ಸಿಪ್ಪೆ ಸಮೇತ ಹಬೆಯಲ್ಲಿ ಬೇಯಿಸಿ ತುಂಡು ಮಾಡಿಟ್ಟರೆ ಮಕ್ಕಳು ಖುಷಿಯಿಂದ ತಿನ್ನುತ್ತಾರೆ. ಪಳಂಪೊರಿಯ ಅದೇ ಹಣ್ಣು, ಮೈದಾ ಮತ್ತು ಎಣ್ಣೆ ಮಾತ್ರ ಇಲ್ಲ. ಮಳೆಗಾಲವಾದರೆ ಪತ್ರೊಡೆ. ಅರಿಶಿನ ಎಲೆಯ ಕಡುಬು ಹಬೆಯಲ್ಲಿ ಬೆಂದದ್ದು ನಿಜ, ಆದರೆ ಒಳಗೆ ಬೆಲ್ಲ ಇದೆ. ಅದನ್ನು ಸಿಹಿಯ ಲೆಕ್ಕಕ್ಕೇ ಸೇರಿಸಿ.

ಕರಿದದ್ದು ಒಂದೇ, ಅದೂ ಕೊನೆಗೆ

ಗೋಳಿಬಜೆ ಇಲ್ಲದ ಕಾರ್ಯಕ್ರಮ ನಮಗೆ ಊಹಿಸಲಿಕ್ಕೂ ಕಷ್ಟ. ಬೇಡ ಅನ್ನುವುದಿಲ್ಲ. ಆದರೆ ಬಜೆ, ಪೋಡಿ, ಚಿಪ್ಸು, ಮಿಕ್ಸ್ಚರು ಎಲ್ಲ ಒಟ್ಟಿಗೆ ಯಾಕೆ? ಒಂದನ್ನು ಆರಿಸಿ. ಕಡಲೆ ತಿಂದು ಮುಗಿಯುವ ಹೊತ್ತಿಗೆ ಬಿಸಿಯಾಗಿ ತಂದು ಕೈಗೆ ಎರಡೆರಡು ಕೊಡಿ. ಮೇಜಿನ ಮೇಲೆ ರಾಶಿ ಹಾಕಬೇಡಿ, ಮಾತಾಡುತ್ತಾ ಕೈ ತಾನಾಗಿ ಹೋಗುತ್ತದೆ.

ನೇಂದ್ರ ಚಿಪ್ಸಿನಲ್ಲಿ ತೂಕದ ಮೂರನೇ ಒಂದು ಪಾಲಿನಷ್ಟು ಎಣ್ಣೆ ಇರುತ್ತದೆ. ಹಲಸಿನ ಸೋಂಟೆಯನ್ನೂ (ಹಲಸಿನ ಚಿಪ್ಸು) ಎಣ್ಣೆಯಲ್ಲೇ ಮುಳುಗಿಸಿ ಕರಿಯುವುದು. ನಿಮ್ಮ ಮನೆಯ ಬಜೆ ಎಷ್ಟು ಎಣ್ಣೆ ಕುಡಿಯುತ್ತದೆ ಎಂದು ಗೊತ್ತಾಗಬೇಕಾದರೆ ಬಾಣಲೆಗೆ ಹಾಕುವ ಮೊದಲು ಎಣ್ಣೆ ಅಳೆಯಿರಿ, ಕರಿದು ತಣಿದ ಮೇಲೆ ಮತ್ತೆ ಅಳೆಯಿರಿ. ನಾನು ಅಳೆದ ದಿನದಿಂದ ಪೋಡಿಯ ಸಂಖ್ಯೆ ತಾನಾಗಿ ಇಳಿಯಿತು. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ.

ಕಪ್ಪಾದ, ನೊರೆ ಬರುವ, ಬೇಗ ಹೊಗೆ ಏಳುವ ಎಣ್ಣೆಯನ್ನು ಚೆಲ್ಲಿ. ಕರಿದದ್ದನ್ನು ಹಳೆ ಪೇಪರಿನ ಮೇಲೆ ಹರಡಬೇಡಿ. ಬಿಸಿ ಎಣ್ಣೆಗೆ ಮುದ್ರಣದ ಶಾಯಿ ಬಿಡುತ್ತದೆ. ಈ ಪುರವಣಿಯ ಹಾಳೆಗೂ ಇದೇ ಮಾತು. ಬಾಳೆ ಎಲೆ ಹಾಸಿ, ಹಿತ್ತಲಲ್ಲೇ ಇದೆಯಲ್ಲ.

ಮಕ್ಕಳ ಹುಟ್ಟುಹಬ್ಬ

ಕೇಕು ಇರಲಿ, ತುಂಡು ಸಣ್ಣದಿರಲಿ. ಬಣ್ಣದ ಸೋಡಾದ ಬದಲು ಕಲ್ಲಂಗಡಿಯನ್ನು ಕತ್ತರಿಸಿಯೇ ಕೊಡಿ. ಹಿಂಡಿ ಜ್ಯೂಸು ಮಾಡಿದರೆ ನಾರು ಹೋಗುತ್ತದೆ, ಮೇಲೆ ಸಕ್ಕರೆ ಬೀಳುತ್ತದೆ. ಮಕ್ಕಳೇ ಕಲಸಿಕೊಳ್ಳುವ ಹಾಗೆ ಚುರುಮುರಿಯ ಮೇಜು ಇಟ್ಟು ನೋಡಿ. ಮಂಡಕ್ಕಿ, ತುರಿದ ಕ್ಯಾರೆಟ್, ನೀರುಳ್ಳಿ, ಟೊಮೆಟೊ, ಮಾವಿನಕಾಯಿ, ಒಂದು ಚಮಚ ತೆಂಗಿನೆಣ್ಣೆ, ಲಿಂಬೆ. ಐದು ವರ್ಷದ ಒಳಗಿನ ಮಕ್ಕಳ ಕೈಗೆ ಇಡೀ ನೆಲಕಡಲೆ ಬೇಡ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಗಂಟಲಲ್ಲಿ ಸಿಕ್ಕಿದರೆ ಉಸಿರು ಕಟ್ಟುತ್ತದೆ.

ಕೋಳಿ, ಶವರ್ಮ ತರಿಸುವ ಮನೆಗಳಿಗೆ ಒಂದು ಮಾತು. 2022ರ ಮೇ ತಿಂಗಳಿನಲ್ಲಿ ನಮ್ಮ ಜಿಲ್ಲೆಯ ಚೆರ್ವತ್ತೂರಿನಲ್ಲಿ ಶವರ್ಮ ತಿಂದ ಒಬ್ಬ ಶಾಲಾ ಹುಡುಗಿ ತೀರಿಕೊಂಡಳು. ಶಿಗೆಲ್ಲಾ ಬ್ಯಾಕ್ಟೀರಿಯಾ ಕಾರಣ ಎಂದು ಗೊತ್ತಾಯಿತು. ಹಸಿ ಮೊಟ್ಟೆಯ ಮಯೋನೈಸನ್ನು ಕೇರಳ ಸರಕಾರ 2023ರ ಜನವರಿಯಲ್ಲಿ ನಿಷೇಧಿಸಿತು. ಮನೆಯಲ್ಲೂ ಅದನ್ನು ಮಾಡಬೇಡಿ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ ಬೆಳ್ಳುಳ್ಳಿ, ಕಾಳುಮೆಣಸು ಬೆರೆಸಿದರೆ ಅಷ್ಟೇ ರುಚಿ. ಬೇಯಿಸಿದ ಪದಾರ್ಥ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ನಮ್ಮ ಏಪ್ರಿಲಿನ ಸೆಖೆಯಲ್ಲಿ ಒಂದೇ ಗಂಟೆ.

ಬೇಕಲ ಕೋಟೆಗೋ ಪೊಸಡಿಗುಂಪೆ ಗುಡ್ಡಕ್ಕೋ ಹೊರಟರೆ

ಹೊರಡುವ ಮೊದಲು ಮನೆಯಲ್ಲಿ ಏನಾದರೂ ತಿಂದೇ ಹೊರಡಿ. ಚೀಲದಲ್ಲಿ ಬೇಯಿಸಿದ ನೆಲಕಡಲೆ, ಬಾಳೆಹಣ್ಣು, ಹುರಿದ ಕಡಲೆ ಇರಲಿ. ದಾರಿಯಲ್ಲಿ ನಿಲ್ಲಿಸಿದರೆ ಪಳಂಪೊರಿಗಿಂತ ಬೇಯಿಸಿದ ಮೊಟ್ಟೆ, ಕಡಲೆಕರಿ-ಪುಟ್ಟು ಮೇಲು. ಚಹಾಕ್ಕೆ ಹೇಳುವಾಗಲೇ "ಸಕ್ಕರೆ ಕಮ್ಮಿ" ಅನ್ನಿ, ಬಂದ ಮೇಲೆ ಹೇಳಿ ಪ್ರಯೋಜನ ಇಲ್ಲ. ಬೇಕಲದ ಕಡಲ ಕರೆಯಲ್ಲಿ ಉಪ್ಪುನೀರಿನಲ್ಲಿ ಹಾಕಿದ ಮಾವು, ನೆಲ್ಲಿಕಾಯಿ ಕಂಡರೆ ಬಾಯಲ್ಲಿ ನೀರೂರುತ್ತದೆ. ಒಂದು ತುಂಡನ್ನು ನಾಲ್ಕು ಜನ ಹಂಚಿಕೊಳ್ಳಿ. ಬಿ.ಪಿ. ಇರುವವರು ನೋಡಿ ಖುಷಿಪಟ್ಟರೆ ಸಾಕು.

ಕುಡಿಯಲಿಕ್ಕೆ ನಾವು ಮಾಡುವುದು ಇಷ್ಟೇ. ಸ್ಟೀಲಿನ ಬಾಟಲಿಗೆ ಮನೆಯಲ್ಲಿ ಮಾಡಿದ ಐಸ್ ಅರ್ಧ ತುಂಬಿಸಿ, ಹೊರಡುವಾಗ ಕುದಿಸಿ ಆರಿಸಿದ ನೀರು ಹಾಕಿ, ಒಂದು ಲಿಂಬೆ ಹಿಂಡುತ್ತೇವೆ. ಕೋಟೆ ಸುತ್ತಿ ಮಧ್ಯಾಹ್ನ ಮರದಡಿ ಕೂತಾಗಲೂ ತಂಪಾಗಿರುತ್ತದೆ. ಅಮ್ಮ ಅದನ್ನು ಕೊನೆಯ ಗುಟುಕಿನ ತನಕ ಕುಡಿಯುತ್ತಾರೆ.