ಮನೆಯ ಮೋಲ್ಡಿಗೆ ಹದವಾದ ಕಾಂಕ್ರೀಟು ಕಲಸಿಸುವುದು ಹೇಗೆ

ಮನೆ ಕಟ್ಟಿಸುವವರು ಯಾವ ಕಂಪನಿಯ ಸಿಮೆಂಟು, ಯಾವ ಕಂಬಿ ಅಂತ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ನೆಂಟರನ್ನು ಕೇಳುತ್ತಾರೆ, ಅಂಗಡಿಯಲ್ಲಿ ಚೌಕಾಸಿ ಮಾಡುತ್ತಾರೆ. ಮೋಲ್ಡ್ ಹಾಕುವ ದಿನ ಮಾತ್ರ ಮಿಕ್ಸರ್ ಪಕ್ಕ ನೀರಿನ ಪೈಪ್ ಹಿಡಿದು ನಿಂತವರ ಕಡೆ ಯಾರೂ ನೋಡುವುದಿಲ್ಲ. ತಾರಸಿ ಎಷ್ಟು ಗಟ್ಟಿ, ಮಳೆಗಾಲದಲ್ಲಿ ಸೋರುತ್ತದೋ ಇಲ್ಲವೋ ಅನ್ನುವುದರಲ್ಲಿ ದೊಡ್ಡ ಪಾಲು ಆ ಪೈಪಿನದ್ದೇ. ಅದಕ್ಕೇ ಇಲ್ಲಿ ನೀರಿನ ಮಾತೇ ಜಾಸ್ತಿ.

ನೀರು ಹೆಚ್ಚಾದರೆ ಏನಾಗುತ್ತದೆ

ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನ ಜೊತೆ ಸೇರಿ ರಾಸಾಯನಿಕವಾಗಿ ಬದಲಾಗುವುದರಿಂದ ಗಟ್ಟಿಯಾಗುತ್ತದೆ. 50 ಕೆ.ಜಿ.ಯ ಒಂದು ಮೂಟೆಗೆ ಈ ಕೆಲಸಕ್ಕೆ ಬೇಕಾಗುವುದು ಸುಮಾರು 12 ಲೀಟರ್ ನೀರು, ಅಷ್ಟೆ. ಆದರೆ ಅಷ್ಟೇ ಹಾಕಿದರೆ ಉದುರುದುರಾಗಿ ಉಳಿಯುತ್ತದೆ, ಕಂಬಿಗಳ ಸಂದಿಗೆ ಇಳಿಯುವುದಿಲ್ಲ. ಹಾಗಾಗಿ ಹದ ಬರಲಿ ಅಂತ ಇನ್ನಷ್ಟು ನೀರು ಸೇರಿಸಲೇಬೇಕಾಗುತ್ತದೆ. ಈ ಹೆಚ್ಚಿನ ನೀರು ಆಮೇಲೆ ಆವಿಯಾಗಿ ಹೋಗುತ್ತದೆ, ಅದು ಇದ್ದ ಜಾಗದಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ, ಅವು ಜಾಸ್ತಿಯಾದಷ್ಟೂ ಬಲ ಕಡಿಮೆಯಾಗುತ್ತದೆ, ಮಳೆನೀರು ಒಳಗಿಳಿದು ಕಂಬಿಗೆ ಬೇಗ ತುಕ್ಕು ಹಿಡಿಯುತ್ತದೆ. ಸಿಮೆಂಟಿನ ತೂಕಕ್ಕೆ ನೀರಿನ ತೂಕ ಎಷ್ಟು ಪಾಲು ಅನ್ನುವುದರ ಮೇಲೆ ಕಾಂಕ್ರೀಟಿನ ಬಲ ನಿಂತಿದೆ ಅಂತ ಅಮೆರಿಕದ ಡಫ್ ಅಬ್ರಾಮ್ಸ್ 1918ರಲ್ಲೇ ತೋರಿಸಿಕೊಟ್ಟರು. ಆ ಲೆಕ್ಕ ಇವತ್ತಿಗೂ ನಡೆಯುತ್ತಿದೆ.

ಮೊದಲು ಗ್ರೇಡ್ ತೀರ್ಮಾನ ಮಾಡಿ

ಗ್ರೇಡ್ ಅಂದರೆ ಕಾಂಕ್ರೀಟಿನ ಬಲದ ದರ್ಜೆ. ಎಂ20 ಅಂದರೆ, 15 ಸೆಂ.ಮೀ. ಅಳತೆಯ ಕಾಂಕ್ರೀಟ್ ಕ್ಯೂಬ್ 28 ದಿನದ ನಂತರ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಭಾರ ತಡೆಯಬೇಕು. ಅಂದರೆ ಹೆಚ್ಚುಕಡಿಮೆ ಚದರ ಸೆಂಟಿಮೀಟರಿಗೆ 200 ಕೆ.ಜಿ. ಕಂಬಿ ಹಾಕಿದ ಕೆಲಸ ಯಾವುದಕ್ಕೂ ಎಂ20ಕ್ಕಿಂತ ಕೆಳಗೆ ಹೋಗಬಾರದು ಅಂತ ನಮ್ಮ ದೇಶದ ಐಎಸ್ 456 ನಿಯಮ ಹೇಳುತ್ತದೆ. ಮಣ್ಣಿನೊಳಗೆ ಕೂರುವ ಫೂಟಿಂಗಿಗೆ, ಅಂದರೆ ಪಿಲ್ಲರಿನ ಬುಡಕ್ಕೆ, ಎಂ25 ಬೇಕು. ಮಂಗಳೂರು, ಉಡುಪಿ, ಕಾರವಾರದಲ್ಲಿ ಸಮುದ್ರದ ಗಾಳಿಗೆ ಒಡ್ಡಿಕೊಂಡ ಮನೆಗಳಿಗೆ, ಮಲೆನಾಡಿನ ಜಡಿಮಳೆಗೆ ನೇರವಾಗಿ ಸಿಗುವ ಕಾಂಕ್ರೀಟಿಗೆ ಎಂ30. ಬೆಂಗಳೂರಿನ ನಕ್ಷೆಯನ್ನೇ ತಂದು ಕರಾವಳಿಯಲ್ಲಿ ಎಂ20 ಹಾಕಿಸಬೇಡಿ, ಉಪ್ಪಿನ ಗಾಳಿ ಕಂಬಿಯನ್ನು ತಿನ್ನುತ್ತದೆ.

ಎಂ20ರವರೆಗೆ 1:1.5:3 ಅನ್ನುವ ಮಾಮೂಲಿ ಅಳತೆ ನಡೆಯುತ್ತದೆ. ಒಂದು ಪಾಲು ಸಿಮೆಂಟು, ಒಂದೂವರೆ ಮರಳು, ಮೂರು ಜಲ್ಲಿ. ಅದಕ್ಕಿಂತ ಮೇಲಿನ ಗ್ರೇಡಿಗೆ ಲ್ಯಾಬಿನಲ್ಲಿ ನಿಮ್ಮದೇ ಮರಳು, ಜಲ್ಲಿ ಪರೀಕ್ಷೆ ಮಾಡಿಸಿ ಮಿಕ್ಸ್ ಡಿಸೈನ್, ಅಂದರೆ ಯಾವುದು ಎಷ್ಟು ಅನ್ನುವ ಲೆಕ್ಕ, ಬರೆಸಿಕೊಳ್ಳಬೇಕು. ಅಂದಾಜಿನಲ್ಲಿ ಒಂದು ಮೂಟೆ ಸಿಮೆಂಟು ಜಾಸ್ತಿ ಹಾಕಿದರೆ ಎಂ30 ಆಗಿಬಿಡುವುದಿಲ್ಲ.

ಮನೆಯ ಎಲ್ಲ ಕಾಂಕ್ರೀಟೂ ಒಂದೇ ಅಲ್ಲ. ಪಾಯದ ಕೆಳಗೆ ಹಾಕುವ ಬೆಡ್ ಕಾಂಕ್ರೀಟಿನಲ್ಲಿ ಕಂಬಿ ಇರುವುದಿಲ್ಲ, ಅಲ್ಲಿ 40 ಎಂಎಂ ಜಲ್ಲಿಯ 1:4:8 ಸಾಕು. ಪಿಲ್ಲರ್, ಬೀಮ್, ಮೋಲ್ಡ್ ಎಲ್ಲ ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟು. ಕಂಬಿ ತೀರಾ ಒತ್ತೊತ್ತಾಗಿ, ಕಾಂಕ್ರೀಟನ್ನು ನಡುಗಿಸಿ ಕೂರಿಸುವ ವೈಬ್ರೇಟರ್ ಇಳಿಯದ ಕಡೆ ತಾನೇ ಹರಿದು ಕೂರುವ ಸೆಲ್ಫ್ ಕಾಂಪ್ಯಾಕ್ಟಿಂಗ್ ಕಾಂಕ್ರೀಟ್ ಅಂತ ಒಂದಿದೆ, ದೊಡ್ಡ ಕಟ್ಟಡಗಳಲ್ಲಿ ಬಳಸುತ್ತಾರೆ. ಮೆಟ್ರೊ ಸೇತುವೆಯ ಗರ್ಡರ್, ರೈಲ್ವೆ ಸ್ಲೀಪರ್ ಇವೆಲ್ಲ ಉಕ್ಕಿನ ತಂತಿಯನ್ನು ಬಲವಾಗಿ ಎಳೆದು ಬಿಗಿದ ಪ್ರೀಸ್ಟ್ರೆಸ್ಡ್ ಕಾಂಕ್ರೀಟ್. ಸಾಮಾನ್ಯ ಮನೆಗೆ ಈ ಎರಡೂ ಬೇಕಾಗುವುದಿಲ್ಲ.

ಸಾಮಾನು ಬಂದಾಗಲೇ ನೋಡಿ

ಸಿಮೆಂಟ್ ಮೂಟೆಯ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದರೆ ಮೋಲ್ಡಿಗೆ ಬೇಡ. ಗಂಟು ಕಟ್ಟಿದ್ದರಂತೂ ಬೇಡವೇ ಬೇಡ. ನೀರು ಕುಡಿಯಲು ಯೋಗ್ಯವಾಗಿದ್ದರೆ ಕಲಸಲೂ ಯೋಗ್ಯ. ಉಪ್ಪು ನೀರಿನ ಬೋರ್‌ವೆಲ್ ಇದ್ದರೆ ಟ್ಯಾಂಕರ್ ತರಿಸಿಕೊಳ್ಳಿ.

ಮರಳು, ಜಲ್ಲಿಯ ವಿಷಯದಲ್ಲಿ ಸ್ವಲ್ಪ ಹಟ ಮಾಡಿ, ಯಾಕೆಂದರೆ ನೀರಿನ ಹಸಿವು ಹುಟ್ಟುವುದೇ ಇವುಗಳಿಂದ. ಕಲ್ಲು ಒಡೆದು ಮಾಡುವ ಎಂ ಸ್ಯಾಂಡಿನಲ್ಲಿ ಕಲ್ಲಿನ ಪುಡಿ ಜಾಸ್ತಿಯಿದ್ದರೆ ಅದು ನೀರು ಕುಡಿಯುತ್ತದೆ, ಹದ ಬರುವುದಿಲ್ಲ, ಆಗ ಪೈಪ್ ತಿರುಗಿಸುತ್ತಾರೆ. ತೊಳೆದ ಎಂ ಸ್ಯಾಂಡ್ ಕೇಳಿ. ಪ್ಲಾಸ್ಟರಿಂಗಿಗೆ ತಂದ ಪಿ ಸ್ಯಾಂಡ್ ಕಾಂಕ್ರೀಟಿಗೆ ಸೇರದ ಹಾಗೆ ಬೇರೆ ರಾಶಿ ಮಾಡಿಸಿ. ಜಲ್ಲಿ ಬರೀ 20 ಎಂಎಂ ತರಿಸುವ ಬದಲು ಜೊತೆಗೆ ಒಂದಷ್ಟು 12 ಎಂಎಂ ಇರಲಿ, ದೊಡ್ಡ ಕಲ್ಲಿನ ಸಂದಿಯಲ್ಲಿ ಸಣ್ಣದು ಕೂತರೆ ಕಾಂಕ್ರೀಟು ಸಲೀಸಾಗಿ ಸರಿಯುತ್ತದೆ. ಚಪ್ಪಟೆ, ಉದ್ದುದ್ದ ಚೂರುಗಳೇ ತುಂಬಿರುವ ಲೋಡನ್ನು ಇಳಿಸಿಕೊಳ್ಳಬೇಡಿ. ಧೂಳು ಮೆತ್ತಿದ್ದರೆ ಹಿಂದಿನ ದಿನವೇ ತೊಳೆಸಿ.

ಅಳತೆ: ಬಾಂಡ್ಲಿ ಲೆಕ್ಕ ಬೇಡ

ಒಂದು ಮೂಟೆ ಸಿಮೆಂಟಿನ ಗಾತ್ರ ಸುಮಾರು 35 ಲೀಟರ್. ಒಳಗಿನ ಅಳತೆ 40, 35, 25 ಸೆಂ.ಮೀ. ಇರುವ ಒಂದು ಮರದ ಪೆಟ್ಟಿಗೆ ಮಾಡಿಸಿದರೆ ಸರಿಯಾಗಿ ಅಷ್ಟೇ ಹಿಡಿಯುತ್ತದೆ. ಒಂದು ಮೂಟೆಗೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಬಾಂಡ್ಲಿಯಲ್ಲಿ ಒಬ್ಬರು ತಲೆತುಂಬ ತುಂಬುತ್ತಾರೆ, ಇನ್ನೊಬ್ಬರು ಮಟ್ಟಸವಾಗಿ ತುಂಬುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಎಲ್ಲೋ ಹೋಗಿರುತ್ತದೆ.

ನೀರು ಮೂಟೆಗೆ 25ರಿಂದ 27 ಲೀಟರ್. ಇದರಲ್ಲಿ ಒದ್ದೆ ಮರಳಿನೊಳಗೆ ಇರುವ ನೀರೂ ಸೇರಿತು ಅನ್ನುವುದನ್ನು ಮರೆಯಬೇಡಿ. ಒಂದೂವರೆ ಪೆಟ್ಟಿಗೆ ಮರಳು ಸುಮಾರು 80 ಕೆ.ಜಿ. ತೂಗುತ್ತದೆ, ಅದರಲ್ಲಿ ನೂರಕ್ಕೆ 5ರಷ್ಟು ತೇವ ಇದ್ದರೆ ಅಲ್ಲೇ 4 ಲೀಟರ್ ಬಂದುಬಿಟ್ಟಿತು. ಆಗ ನೀವು ಸುರಿಯಬೇಕಾದದ್ದು 21ರಿಂದ 23 ಲೀಟರ್ ಮಾತ್ರ. ಮಳೆ ಬಂದ ಮರುದಿನ ಕಲಸುವಾಗ ಎಲ್ಲರೂ ತಪ್ಪುವುದು ಇಲ್ಲೇ. ಇನ್ನೊಂದು ವಿಷಯ, ತೇವದ ಮರಳು ಉಬ್ಬುತ್ತದೆ, ಕಾಲು ಭಾಗದಷ್ಟು ಉಬ್ಬುವುದೂ ಉಂಟು. ಒಂದು ಗಾಜಿನ ಲೋಟದ ತುಂಬ ಮರಳು ಹಾಕಿ, ಅದನ್ನು ಹೊರಗೆ ಸುರಿದುಕೊಂಡು, ಲೋಟಕ್ಕೆ ಅರ್ಧ ನೀರು ತುಂಬಿ ಮರಳನ್ನು ಮತ್ತೆ ಅದರೊಳಗೆ ಹಾಕಿ ಕಡ್ಡಿಯಿಂದ ಕಲಕಿ. ಮಟ್ಟ ಎಷ್ಟು ಇಳಿಯಿತೋ ಅಷ್ಟು ಉಬ್ಬಿತ್ತು ಅಂತ ಗೊತ್ತಾಗುತ್ತದೆ, ಪೆಟ್ಟಿಗೆಗೆ ಅಷ್ಟು ಮರಳು ಜಾಸ್ತಿ ಸೇರಿಸಿ.

ಪೈಪನ್ನು ಮಿಕ್ಸರಿನಿಂದ ದೂರ ಇಡಿಸಿ. ಒಂದು ಡ್ರಮ್ಮಿಗೆ ನೀರು ಬೀಳಲಿ, ಅಲ್ಲಿಂದ ಗೆರೆ ಎಳೆದ ಬಕೆಟ್‌ನಲ್ಲಿ ಅಳೆದು ಸುರಿಯಲಿ. ನಾನು ಇಡೀ ಲೇಖನದಲ್ಲಿ ಒಂದೇ ಒಂದು ಮಾತು ಪಾಲಿಸಿ ಅಂತ ಕೇಳುವುದಾದರೆ ಇದನ್ನೇ ಕೇಳುತ್ತೇನೆ. ಎಲ್ಲ ಬಿದ್ದ ಮೇಲೆ ಮಿಕ್ಸರ್ ಕನಿಷ್ಠ 2 ನಿಮಿಷ ತಿರುಗಬೇಕು.

ಮೇಸ್ತ್ರಿ ಯಾಕೆ ನೀರು ಕೇಳುತ್ತಾರೆ ಅನ್ನುವುದನ್ನೂ ನೋಡಬೇಕು, ಅಲ್ವಾ? ಕೆಲಸ ಗುತ್ತಿಗೆಗೆ ಹಿಡಿದಿರುತ್ತಾರೆ, ಸಂಜೆಯೊಳಗೆ ಮುಗಿಸಬೇಕು, ಗಟ್ಟಿ ಕಾಂಕ್ರೀಟನ್ನು ಎಳೆದು ಹರಡುವುದು ನಿಜವಾಗಿಯೂ ಮೈಮುರಿಯುವ ಕೆಲಸ. ಸುಮ್ನೆ ಬೇಡ ಅಂದರೆ ಅವರ ಕಷ್ಟ ತಪ್ಪುವುದಿಲ್ಲ. ಪ್ಲಾಸ್ಟಿಸೈಜರ್ ಅನ್ನುವ ದ್ರವ ತಂದುಕೊಡಿ. ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲ ಮಾಡುತ್ತದೆ. ಡಬ್ಬಿಯ ಮೇಲೆ ಮೂಟೆಗೆ ಎಷ್ಟು ಅಂತ ಬರೆದಿರುತ್ತದೆ, ಅಷ್ಟೇ ಹಾಕಿಸಿ.

ಹದ ನೋಡುವುದು

ಕಣ್ಣಂದಾಜಿಗಿಂತ ಸ್ಲಂಪ್ ಪರೀಕ್ಷೆ ವಾಸಿ. 30 ಸೆಂ.ಮೀ. ಎತ್ತರದ, ಕೆಳಗೆ 20, ಮೇಲೆ 10 ಸೆಂ.ಮೀ. ಅಗಲದ ಕಬ್ಬಿಣದ ಕೋನ್ ಒಂದಿರುತ್ತದೆ, ಇಂಜಿನಿಯರಿಗೆ ಹೇಳಿ ತರಿಸಿ. ಮಟ್ಟಸ ತಗಡಿನ ಮೇಲಿಟ್ಟು ಮೂರು ಪದರವಾಗಿ ಕಾಂಕ್ರೀಟು ತುಂಬಿ, ಪ್ರತಿ ಪದರಕ್ಕೂ 16 ಎಂಎಂ ಕಂಬಿಯಿಂದ 25 ಸಲ ಕುಟ್ಟಿ, ಮೇಲೆ ಸವರಿ, ಕೋನನ್ನು ನೇರವಾಗಿ ನಿಧಾನಕ್ಕೆ ಎತ್ತಿ. ಒಳಗಿನ ಕಾಂಕ್ರೀಟು ಎಷ್ಟು ಕುಸಿಯಿತೋ ಅದೇ ಸ್ಲಂಪ್. ಮನೆಯ ಮೋಲ್ಡು, ಬೀಮಿಗೆ 50ರಿಂದ 100 ಎಂಎಂ ಒಳಗಿರಲಿ. ಪಂಪ್ ಮಾಡುವುದಿದ್ದರೆ 75ರಿಂದ 100. ಪೂರ್ತಿ ಹರಡಿ ಬಿದ್ದು ಅಂಚಿನಲ್ಲಿ ನೀರು ಬಿಟ್ಟರೆ ಆ ಕಲಸು ಮೇಲಕ್ಕೆ ಹೋಗಬಾರದು.

ಕಲಸಿದ ಕಾಂಕ್ರೀಟನ್ನೇ ಲಾರಿಯಲ್ಲಿ ತರುವ ರೆಡಿಮಿಕ್ಸ್ ತರಿಸುವವರಿಗೂ ಇದೇ ಮಾತು. ಐದು ಇಂಚು ದಪ್ಪದ ಸಾವಿರ ಚದರಡಿ ಮೋಲ್ಡಿಗೆ, ಬೀಮ್ ಬಿಟ್ಟು, 11.8 ಘನ ಮೀಟರ್ ಕಾಂಕ್ರೀಟು ಬೇಕು. 6 ಘನ ಮೀಟರಿನ ಲಾರಿ ಲೆಕ್ಕ ಹಾಕಿದರೆ ಎರಡು. ಆರ್ಡರ್ ಕೊಡುವಾಗ ಗ್ರೇಡ್ ಜೊತೆ ಸ್ಲಂಪ್ ಎಷ್ಟಿರಬೇಕು ಅಂತಲೂ ಹೇಳಿ. ಚೀಟಿಯಲ್ಲಿ ಲೋಡ್ ಮಾಡಿದ ಸಮಯ ನೋಡಿ, 2 ಗಂಟೆಯೊಳಗೆ ಬಂದಿರಬೇಕು. ಟ್ರಾಫಿಕ್ಕಿನಲ್ಲಿ ಸಿಕ್ಕಿ ಗಟ್ಟಿಯಾಯಿತು ಅಂತ ಸೈಟಿನಲ್ಲಿ ಡ್ರಮ್ಮಿಗೆ ನೀರು ಬಿಡುವುದಕ್ಕೆ ಒಪ್ಪಬೇಡಿ.

ಸುರಿಯುವಾಗ

ಸೆಂಟ್ರಿಂಗ್ ಹಲಗೆ ಒದ್ದೆ ಮಾಡಿ, ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ 20 ಎಂಎಂ ಕವರ್ ಬ್ಲಾಕ್ ಕೆಳಗೆ ಇದೆಯಾ ನೋಡಿ. ಕರಾವಳಿಯಲ್ಲಿ ಇನ್ನೂ ದಪ್ಪ ಬೇಕು, ಇಂಜಿನಿಯರ್ ಹೇಳಿದಷ್ಟು ಇರಲಿ. ಜಲ್ಲಿ ಚೂರು ಇಟ್ಟರೆ ಜಾರಿಹೋಗುತ್ತದೆ. ಒಂದೂವರೆ ಮೀಟರಿಗಿಂತ ಎತ್ತರದಿಂದ ಸುರಿಯಬಾರದು, ಜಲ್ಲಿ ಬೇರೆ, ಗಾರೆ ಬೇರೆ ಆಗುತ್ತದೆ. ವೈಬ್ರೇಟರ್ ಸೂಜಿ ನೆಟ್ಟಗೆ ಇಳಿಯಲಿ, ಗುಳ್ಳೆ ಬರುವುದು ನಿಂತ ಕೂಡಲೇ ನಿಧಾನವಾಗಿ ಮೇಲೆ ಬರಲಿ. ಕಡಿಮೆಯಾದರೆ ಹನಿಕೋಂಬ್, ಅಂದರೆ ಜೇನುಗೂಡಿನಂಥ ತೂತು, ಜಾಸ್ತಿಯಾದರೆ ಸಿಮೆಂಟಿನ ಹಾಲೆಲ್ಲ ಮೇಲೆ ತೇಲುತ್ತದೆ. ಕಾಂಕ್ರೀಟಿನೊಳಗೆ ನೂರಕ್ಕೆ 5ರಷ್ಟು ಗಾಳಿ ಉಳಿದರೂ ಬಲದಲ್ಲಿ ನೂರಕ್ಕೆ 30ರಷ್ಟು ಹೋಗಬಹುದು. ಮೇಲೆ ನೀರು ಬಿಟ್ಟಿತು ಅಂತ ಒಣ ಸಿಮೆಂಟು ಉದುರಿಸಿ ಸವರುತ್ತಾರಲ್ಲ, ಅದನ್ನು ತಡೆಯಿರಿ. ಆ ಪದರ ಮುಂದೆ ಬಿರುಕು ಬಿಟ್ಟು ಏಳುತ್ತದೆ. ಅವತ್ತೇ ಮಿಕ್ಸರ್ ಬಾಯಿಂದ ಕಾಂಕ್ರೀಟು ಹಿಡಿದು ಕ್ಯೂಬ್ ಹಾಕಿಸಿ, 28 ದಿನಕ್ಕೆ ಮೂರು ಇರಲಿ. ಎಷ್ಟೋ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಶುಲ್ಕ ಕಟ್ಟಿದರೆ ಪರೀಕ್ಷೆ ಮಾಡಿಕೊಡುತ್ತಾರೆ.

ಆಮೇಲೆ ನೀರು ಎಷ್ಟಾದರೂ ಇರಲಿ

ಕಲಸುವಾಗ ಬೇಡ ಅಂದ ನೀರು ಈಗ ಧಾರಾಳವಾಗಿ ಬೇಕು. ಅವತ್ತು ಸಂಜೆಯೇ ಒದ್ದೆ ಗೋಣಿಚೀಲ ಹೊದಿಸಿ, ಮರುದಿನ ಪಾತಿ ಕಟ್ಟಿ ನೀರು ನಿಲ್ಲಿಸಿ. ಒಪಿಸಿ ಅನ್ನುವ ಮಾಮೂಲಿ ಸಿಮೆಂಟಾದರೆ ಕನಿಷ್ಠ 7 ದಿನ, ಈಗ ಹೆಚ್ಚಿನವರು ತರುವ, ಹಾರುಬೂದಿ ಬೆರೆಸಿದ ಪಿಪಿಸಿಗೆ ಕನಿಷ್ಠ 10 ದಿನ, 14 ದಿನ ಆದರೆ ಇನ್ನೂ ಒಳ್ಳೆಯದು. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಮಧ್ಯಾಹ್ನ ಮೋಲ್ಡ್ ಹಾಕಿದರೆ ಸಂಜೆಯೊಳಗೇ ಬಿರುಕು ಕಾಣಬಹುದು, ಅಲ್ಲಿನವರು ಇಳಿಹೊತ್ತಿಗೆ ಶುರು ಮಾಡುವುದು ಮೇಲು.

ಸೆಂಟ್ರಿಂಗ್ ಬಾಡಿಗೆ ಏರುತ್ತದೆ ಅಂತ ಬೇಗ ಬಿಚ್ಚಿಸಬೇಡಿ. ಒಪಿಸಿಗೆ, 4.5 ಮೀಟರಿನೊಳಗಿನ ಮೋಲ್ಡಿನ ಆಸರೆ ಕಂಬ 7 ದಿನ, ಅದಕ್ಕಿಂತ ಅಗಲ ಇದ್ದರೆ 14 ದಿನ, 6 ಮೀಟರಿನೊಳಗಿನ ಬೀಮಿಗೆ 14, ಮೇಲಾದರೆ 21 ದಿನ ಇರಬೇಕು. ಪಿಪಿಸಿ ನಿಧಾನಕ್ಕೆ ಬಲ ಕೂಡಿಸಿಕೊಳ್ಳುತ್ತದೆ, ಅದಕ್ಕೆ ಇನ್ನಷ್ಟು ದಿನ ಕೊಡಿ. ಮೇಲಿನ ಮಹಡಿಯ ಮೋಲ್ಡ್ ಹಾಕುವಾಗ ಅದರ ಭಾರವೆಲ್ಲ ಕೆಳಗಿನ ಮೋಲ್ಡಿನ ಮೇಲೆ ಬೀಳುವುದರಿಂದ, ಕೆಳಗಿನ ಮನೆಯಲ್ಲೂ ಕಂಬ ಎಲ್ಲೆಲ್ಲಿ ಉಳಿಸಬೇಕು ಅಂತ ಇಂಜಿನಿಯರ್ ಹತ್ತಿರ ಬರೆಸಿಕೊಂಡೇ ಮುಂದಿನ ಕೆಲಸ ಹಿಡಿಯಿರಿ.